ಹೇಮಾವತಿ ಏರ್‌ವೇಸ್‌ನ ಜ್ಯೇಷ್ಠತಾ ಪಟ್ಟಿ

ಹೇಮಾವತಿ ಏರ್‌ವೇಸ್‌ನಲ್ಲಿ ಸದ್ಯ ಕ್ಯಾಪ್ಟನ್ ಹುದ್ದೆ ಖಾಲಿ ಇಲ್ಲವೆಂದು ತಿಳಿಸುವ ಪತ್ರವನ್ನು ತಿದ್ದಿಕೊಟ್ಟವಳು ನಾನು. ಚನ್ನರಾಯಪಟ್ಟಣದ ಒಬ್ಬಳೇ ಹುಡುಗಿಗೆ ಮೂರು ವರ್ಷದಲ್ಲಿ ಮೂರು ಸಲ ಅದೇ ಪತ್ರ ಹೋಯಿತು. ಮೂರನೆಯ ಸಲ ಯೋಗಾನರಸಿಂಹ ಅದನ್ನು ತಿದ್ದಿಸಲು ತಂದಾಗ ಕೇಳಿದೆ:

"ಏನಯ್ಯಾ, ಒಂದೂ ವಿಮಾನವಿಲ್ಲದ ಕಂಪನಿಯಲ್ಲಿ ಹುದ್ದೆ ಹೇಗೆ ಭರ್ತಿಯಾಗುತ್ತೆ?"

ಅವನು ನನ್ನನ್ನು ಕನಿಕರದಿಂದ ನೋಡಿದ. "ಮಂಜೂರಾಗಿರೋ ಹುದ್ದೆ ನಾಲ್ಕೇ ಮೇಡಂ. ನಾಲ್ಕರಲ್ಲೂ ಜನ ಇದಾರೆ. ಯಾರಾದ್ರೂ ನಿವೃತ್ತಿ ಆಗಬೇಕಲ್ಲ."

"ಮಂಜೂರು ಮಾಡಿದವರು ಯಾರು?"

"ನಾನೇ," ಎಂದ, ನಾಚಿಕೆಯಿಲ್ಲದೆ.

ಹೊಳೆನರಸೀಪುರದ ಕೋಟೆಯಲ್ಲಿ ನಮ್ಮ ಮನೆಯಿಂದ ಎರಡು ಮನೆ ಆಚೆ ಅವನ ಮನೆ. ಪಿಯುಸಿಯಲ್ಲಿ ನನ್ನ ಕೈಯಲ್ಲಿ ಭೌತಶಾಸ್ತ್ರ ಓದಿ ಮೂವತ್ತೈದು ಅಂಕ ಪಡೆದವನು. ಈಗ ಐವತ್ತಾರು ವಯಸ್ಸು. ಒಂದು ಸರ್ಕಾರಿ ಕಚೇರಿಯ ರವಾನೆ ವಿಭಾಗದಲ್ಲಿ ಗುಮಾಸ್ತ. ಯಾರೋ ಬರೆದು ಯಾರೋ ರುಜು ಹಾಕಿದ ಕಾಗದಕ್ಕೆ ನಂಬರು ಕೊಟ್ಟು ಲಕೋಟೆಗೆ ತುಂಬುವುದು ಅವನ ಮೂವತ್ತು ವರ್ಷದ ಕೆಲಸ. ಈ ಮೂವತ್ತು ವರ್ಷದಲ್ಲಿ ಅವನ ಸ್ವಂತ ರುಜು ಬಿದ್ದದ್ದು ಹಾಜರಿ ಪುಸ್ತಕದ ಮೇಲೆ ಮಾತ್ರ.

ಅಂಥವನಿಗೆ ಎಂಟು ವರ್ಷದ ಹಿಂದೆ ಸಿಮ್ಯುಲೇಟರ್ ಸಿಕ್ಕಿತು. ಕಂಪ್ಯೂಟರಿನ ಪರದೆಯ ಮೇಲೆ ವಿಮಾನ ಹಾರಿಸುವ ತಂತ್ರಾಂಶ ಅದು. ಪೈಲಟ್ಟಿನ ಮುಂದೆ ಇರುವ ಪ್ರತಿಯೊಂದು ಗುಂಡಿಯೂ, ಮುಳ್ಳೂ, ಕೆಳಗೆ ಕಾಣುವ ಹೊಳೆ ಗದ್ದೆಗಳೂ ಅದರಲ್ಲಿ ಇರುತ್ತವೆ. ಪ್ರಪಂಚದಲ್ಲಿ ಲಕ್ಷಾಂತರ ಜನಕ್ಕೆ ಇದೊಂದು ಹವ್ಯಾಸ. ಅವರಲ್ಲಿ ಕೆಲವರು ಒಟ್ಟುಸೇರಿ ವರ್ಚುವಲ್ ಏರ್‌ಲೈನ್ ಎಂದು ಕಟ್ಟಿಕೊಳ್ಳುತ್ತಾರೆ. ಹೆಸರು, ಬಣ್ಣ, ವೇಳಾಪಟ್ಟಿ, ಪೈಲಟ್ಟುಗಳು ಎಲ್ಲ ಇರುತ್ತವೆ. ಪ್ರಯಾಣಿಕರು ಮಾತ್ರ ಇರುವುದಿಲ್ಲ. ಯೋಗಾನರಸಿಂಹನಿಗೆ ಇದು ಆದರ್ಶ ಸಂಸ್ಥೆಯಾಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ಸಾರ್ವಜನಿಕರಿಲ್ಲದ ಕಚೇರಿಯಲ್ಲಿ ಕೆಲಸ ಮಾಡುವ ಆಸೆ ಯಾವ ಗುಮಾಸ್ತನಿಗೆ ಇಲ್ಲ?

ಮಹಡಿಯ ಕೋಣೆಗೆ 'ಹೇಮಾವತಿ ಏರ್‌ವೇಸ್' ಎಂಬ ಬೋರ್ಡು ಬಂತು. ಮೂರು ಪರದೆ, ವಿಮಾನ ತಿರುಗಿಸಲು ಒಂದು ಜಾಯ್‌ಸ್ಟಿಕ್ಕು, ಗೋಡೆಯ ಮೇಲೆ ಲಕ್ಷ್ಮೀನರಸಿಂಹ ಸ್ವಾಮಿಯ ಪಟ, ಪಟದ ಪಕ್ಕದಲ್ಲಿ ಪಂಚಾಂಗ. 'ಅಧ್ಯಕ್ಷರು ಮತ್ತು ವ್ಯವಸ್ಥಾಪಕ ನಿರ್ದೇಶಕರು' ಎಂಬ ರಬ್ಬರ್ ಮೊಹರನ್ನು ಹಾಸನದಲ್ಲಿ ಮಾಡಿಸಿ ತಂದ. ಹಾಸನ, ಅರಕಲಗೂಡು, ಚನ್ನರಾಯಪಟ್ಟಣ, ಹೊಳೆನರಸೀಪುರ, ಈ ನಾಲ್ಕು ಊರಿನಿಂದ ಇಪ್ಪತ್ತೊಂದು ಜನ ಪೈಲಟ್ಟುಗಳು ಸೇರಿದರು. ನಾಲ್ವರು ಕ್ಯಾಪ್ಟನ್ನುಗಳು, ಹದಿನೇಳು ಜನ ಸಹಪೈಲಟ್ಟುಗಳು. ಯಾರ ಜೊತೆಯಲ್ಲಿ 'ಸಹ' ಎಂದು ಕೇಳಬಾರದು. ಪ್ರತಿಯೊಬ್ಬರೂ ತಮ್ಮ ತಮ್ಮ ಮನೆಯಲ್ಲಿ ಒಬ್ಬೊಬ್ಬರೇ ಕುಳಿತು ಹಾರಿಸುತ್ತಾರೆ.

ಸಂಸ್ಥೆ ನಡೆದದ್ದು ಸುತ್ತೋಲೆಗಳ ಮೇಲೆ. ಹಾರಲಾಗದವರು ಮುಂಚಿತವಾಗಿ ರಜೆ ಅರ್ಜಿ ಕೊಡಬೇಕು. ಸೂತಕದಲ್ಲಿರುವವರು ಹನ್ನೊಂದು ದಿನ ಜಾಯ್‌ಸ್ಟಿಕ್ಕು ಮುಟ್ಟಬಾರದು. ರಾಹುಕಾಲದಲ್ಲಿ ಯಾವ ವಿಮಾನವೂ ನೆಲ ಬಿಡಬಾರದು. ಚಾಲನೆಯ ಸಮಯದಲ್ಲಿ ಮೊಬೈಲ್ ಕಡ್ಡಾಯವಾಗಿ ಆರಿಸಿರಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ಜ್ಯೇಷ್ಠತಾ ಪಟ್ಟಿ. ಬಡ್ತಿ, ಹಾರುವ ಸರದಿ, ವಾಟ್ಸಾಪ್ ಗುಂಪಿನಲ್ಲಿ ಹಬ್ಬದ ಶುಭಾಶಯ ಹೇಳುವ ಕ್ರಮ, ಎಲ್ಲವೂ ಪಟ್ಟಿಯ ಪ್ರಕಾರ. ಪಟ್ಟಿಯೋ ಸಂಸ್ಥೆಗೆ ಸೇರಿದ ದಿನಾಂಕದ ಪ್ರಕಾರ. ಯಾರು ಎಷ್ಟು ಚೆನ್ನಾಗಿ ಹಾರಿಸುತ್ತಾರೆ ಎಂಬುದಕ್ಕೆ ಅದರಲ್ಲಿ ಕಾಲಮ್ಮೇ ಇರಲಿಲ್ಲ.

ಪಟ್ಟಿಯಲ್ಲಿ ಒಂದನೆಯವರು ಅರಕಲಗೂಡಿನ ತಮ್ಮಯ್ಯ. ಅರವತ್ತೇಳು ವಯಸ್ಸು. ಮೂವತ್ತೊಂದು ವರ್ಷ ಅರಕಲಗೂಡು–ಹಾಸನ ದಾರಿಯಲ್ಲಿ ಬಸ್ ಓಡಿಸಿ, ಒಂದು ಕೋಳಿಯನ್ನೂ ಕೊಲ್ಲದೆ ನಿವೃತ್ತರಾದವರು. ವಿಮಾನವನ್ನೂ ಹಾಗೆಯೇ ಓಡಿಸುತ್ತಿದ್ದರು. ತೊಂದರೆ ಒಂದೇ: ಹಿಂದಿನಿಂದ ಕಂಡಕ್ಟರು 'ರೈಟ್' ಎನ್ನದೆ ಅವರ ಕಾಲು ಬ್ರೇಕ್ ಬಿಡುತ್ತಿರಲಿಲ್ಲ. ಶನಿವಾರ ಭಾನುವಾರಗಳಲ್ಲಿ ನೆಲದ ಮೇಲಿಂದ ವಿಮಾನಗಳಿಗೆ ಅನುಮತಿ ಕೊಡುವ ಕಂಟ್ರೋಲರ್ ಕೆಲಸವನ್ನು ಯೋಗಾನರಸಿಂಹನೇ ಮಾಡುತ್ತಿದ್ದ. ಉಳಿದವರಿಗೆ "ಹೊರಡಲು ಅನುಮತಿ ಇದೆ" ಎಂದರೆ ಸಾಕು. ತಮ್ಮಯ್ಯನವರಿಗೆ ಮಾತ್ರ ಕೊನೆಗೊಂದು "ರೈಟ್" ಸೇರಿಸಬೇಕು. ಹಿರಿಯರೆಂದು ಸೇರಿಸುತ್ತಿದ್ದ. ನಾಲ್ಕು ವರ್ಷ ಸೇರಿಸಿದ.

ಪಟ್ಟಿಯಲ್ಲಿ ಇಪ್ಪತ್ತೊಂದನೆಯವಳು, ಅಂದರೆ ಕೊನೆಯವಳು, ಚನ್ನರಾಯಪಟ್ಟಣದ ಧನ್ಯಾ. ತೆಂಗಿನಕಾಯಿ ಮಾರುಕಟ್ಟೆಯ ಹತ್ತಿರ ಅವರಪ್ಪ ನಡೆಸುವ ವೇಬ್ರಿಡ್ಜ್‌ನಲ್ಲಿ ಕೂತು ಬೆಳಗಿನಿಂದ ಸಂಜೆಯವರೆಗೆ ಲಾರಿಗಳ ತೂಕದ ಚೀಟಿ ಕೊಡುವವಳು. ಬಿ.ಕಾಂ. ಓದಿದ್ದಾಳೆ, ಇಂಗ್ಲಿಷು ಯೋಗಾನರಸಿಂಹನಿಗಿಂತ ಚೆನ್ನಾಗಿದೆ. ಎಲ್ಲರೂ ಸೇರಿ ಹಾರಿಸಿದ ಗಂಟೆಗಳಲ್ಲಿ ಮೂರರಲ್ಲೊಂದು ಪಾಲು ಅವಳದೇ. ಮಂಜಿನಲ್ಲಿ, ಅಡ್ಡಗಾಳಿಯಲ್ಲಿ, ಒಂದು ಎಂಜಿನ್ ಕೆಟ್ಟಾಗ ಇಳಿಸಬಲ್ಲವಳು ಆ ಸಂಸ್ಥೆಯಲ್ಲಿ ಅವಳೊಬ್ಬಳೇ. ಆದರೆ ಸೇರಿದ್ದು ಕೊನೆಯಲ್ಲಿ.

ಇನ್ನು ಅಧ್ಯಕ್ಷರ ಸ್ವಂತ ಅನುಭವ. ಯೋಗಾನರಸಿಂಹ ಇವತ್ತಿನವರೆಗೆ ವಿಮಾನ ಹತ್ತಿಲ್ಲ. ಅವನ ಹೆಂಡತಿ ಲಕ್ಷ್ಮೀದೇವಮ್ಮ ಹತ್ತಿದ್ದಾಳೆ. ಭಜನಾ ಮಂಡಳಿಯವರ ಜೊತೆ ಕಾಶಿಗೆ ಹೋಗಿ ಬಂದಳು. ಬಂದ ದಿನ ಗಂಡ ಕೇಳಿದ ಮೊದಲ ಪ್ರಶ್ನೆ, ಯಾವ ವಿಮಾನ ಎಂದು.

"ಬಿಳೀದು."

"ಅಯ್ಯೋ, ಯಾವ ಮಾಡೆಲ್ಲೇ?"

"ಬಸ್ಸಲ್ಲಿ ಕೂತ ಹಾಗೇರೀ. ಕಿಟಕಿ ತೆಗೆಯೋಕಾಗಲ್ಲ, ಅಷ್ಟೆ. ಉಪ್ಪಿಟ್ಟಿಗೆ ಉಪ್ಪಿರ್ಲಿಲ್ಲ."

ಆ ದಿನದಿಂದ ಅವಳು ಆ ಕೋಣೆಗೆ ಕಾಫಿ ಕೊಡುವುದಕ್ಕೆ ಮಾತ್ರ ಬರುತ್ತಾಳೆ.

ಹಾಸನದ ಪಕ್ಕದ ಬೂವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಬರುತ್ತದೆ ಎಂಬ ಮಾತನ್ನು ಈ ಸೀಮೆಯಲ್ಲಿ ಎಲ್ಲರೂ ಕೇಳಿಕೊಂಡೇ ಬೆಳೆದವರು. ಯೋಗಾನರಸಿಂಹ ಕಾಯಲಿಲ್ಲ. ಎಂಟು ತಿಂಗಳು ಕೂತು ಸಿಮ್ಯುಲೇಟರಿನಲ್ಲಿ ತಾನೇ ಬೂವನಹಳ್ಳಿ ನಿಲ್ದಾಣ ಕಟ್ಟಿದ. ಒಂದು ರನ್‌ವೇ. ವಿಮಾನಗಳು ನಿಲ್ಲುವ ಅಂಗಳ. ಗಣಪತಿ ಗುಡಿ. ಕ್ಯಾಂಟೀನು. ನೌಕರರ ವಸತಿಗೃಹ. ಎಲ್ಲಕ್ಕಿಂತ ದೊಡ್ಡದಾಗಿ ಅಧ್ಯಕ್ಷರ ಕಚೇರಿ, ಅದರ ಮುಂದೆ ಹುಲ್ಲುಹಾಸು, ಧ್ವಜಸ್ತಂಭ. ಇಷ್ಟಕ್ಕೆಲ್ಲ ಜಾಗ ಕೊಟ್ಟ ಮೇಲೆ, ಅಂಗಳದಿಂದ ರನ್‌ವೇಯ ಎರಡು ತುದಿಗೂ ಹೋಗುವ ಟ್ಯಾಕ್ಸಿವೇಗೆ, ಅಂದರೆ ವಿಮಾನ ನೆಲದ ಮೇಲೆ ಉರುಳುವ ದಾರಿಗೆ, ಒಂದು ಓಣಿಯಷ್ಟೇ ಉಳಿಯಿತು. ಒಂದು ವಿಮಾನದ ಹಿಂದೆ ಇನ್ನೊಂದು ಹೋಗಬಹುದು; ಪಕ್ಕದಲ್ಲಿ ದಾಟಿ ಹೋಗುವ ಹಾಗಿಲ್ಲ.

"ಒಂದೇ ದಾರಿ ಸಾಲಾಕಿಲ್ಲ ಸಾ, ಇನ್ನೊಂದು ಬುಡ್ರಿ," ಎಂದು ಧನ್ಯಾ ಬರೆದಿದ್ದಳು.

'ಪರಿಶೀಲಿಸಲಾಗುವುದು' ಎಂದು ಅದರ ಮೇಲೆ ಬರೆದು ಕಡತಕ್ಕೆ ಸೇರಿಸಿದ.

ಇಂಥ ಏರ್‌ಲೈನುಗಳಿಗೆಲ್ಲ ಮಾನ್ಯತೆ ಕೊಡುವ ಒಂದು ಅಂತರರಾಷ್ಟ್ರೀಯ ಸಂಘವಿದೆ. ಪ್ರತಿ ಏರ್‌ಲೈನಿಗೆ ಮೂರಕ್ಷರದ ಒಂದು ಸಂಕೇತ ಕೊಡುತ್ತದೆ. ಆ ಮೂರಕ್ಷರವಿದ್ದರೆ ಪ್ರಪಂಚದ ಯಾವ ನಿಲ್ದಾಣದ ಹವ್ಯಾಸಿ ಕಂಟ್ರೋಲರೂ ನಿಮ್ಮನ್ನು ಹೆಸರು ಹಿಡಿದು ಕರೆಯುತ್ತಾನೆ. ಕಳೆದ ವರ್ಷ ಆ ಸಂಘದಿಂದ ಪತ್ರ ಬಂತು. ಹೇಮಾವತಿ ಏರ್‌ವೇಸ್‌ನ ಚಟುವಟಿಕೆ ಕಡಿಮೆ, ಸುತ್ತೋಲೆ ಹೆಚ್ಚು ಎಂಬುದು ಅದರ ಸಾರ. ಒಂದು ಪರೀಕ್ಷೆ ಇಡುತ್ತೇವೆ. ಗೊತ್ತುಮಾಡಿದ ದಿನ ಒಂದೂವರೆ ಗಂಟೆಯೊಳಗೆ ನಿಮ್ಮ ನಿಲ್ದಾಣದಿಂದ ಇಪ್ಪತ್ತು ವಿಮಾನಗಳು ಕ್ರಮವಾಗಿ ಹೊರಡಬೇಕು. ನಮ್ಮ ವೀಕ್ಷಕನೇ ಕಂಟ್ರೋಲರ್ ಆಗಿರುತ್ತಾನೆ. ನೆಲದ ಮೇಲಿಂದ ಅವನ ಹೊರತು ಬೇರೆ ಯಾರಾದರೂ ರೇಡಿಯೋದಲ್ಲಿ ಮಾತಾಡಿದರೆ ಪರೀಕ್ಷೆ ರದ್ದು. ಇಪ್ಪತ್ತಾಗದಿದ್ದರೆ ಮೂರಕ್ಷರವನ್ನು ಹಿಂದಕ್ಕೆ ಪಡೆದು, ಅದಕ್ಕಾಗಿ ಅರ್ಜಿ ಹಾಕಿಕೊಂಡು ಕಾದಿರುವ ಬೆಂಗಳೂರಿನ ಒಂದು ಕ್ಲಬ್ಬಿಗೆ ಕೊಡಲಾಗುವುದು.

ಆ ಪತ್ರ ಹಿಡಿದು ಅವನು ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದ. ನಾನು ನಗಬೇಕೆಂದಿದ್ದವಳು ನಗಲಿಲ್ಲ. ಮೂರಕ್ಷರ ಹೋದರೆ ಮೊಹರು ಹೋಗುತ್ತದೆ. ಮೊಹರು ಹೋದರೆ ಉಳಿಯುವುದು ಲಕೋಟೆ, ಗೋಂದು, ಮತ್ತು ನಿವೃತ್ತಿಗೆ ನಾಲ್ಕು ವರ್ಷ.

ಆದರೆ ಅವನು ಗಾಬರಿಗೊಂಡದ್ದು ಅದಕ್ಕಲ್ಲ ಎಂದು ಆಮೇಲೆ ತಿಳಿಯಿತು.

"ಮೇಡಂ, ಭಾನುವಾರ ನಾಲ್ಕೂವರೆಯಿಂದ ಆರು ಗಂಟೆ ಕೊಟ್ಟಿದಾರೆ!"

"ಒಳ್ಳೇದಾಯ್ತಲ್ಲ, ಎಲ್ಲರಿಗೂ ಬಿಡುವಿರುತ್ತೆ."

"ಭಾನುವಾರ ನಾಲ್ಕೂವರೆಯಿಂದ ಆರು ರಾಹುಕಾಲ ಮೇಡಂ! ಪೂರ್ತಿ!"

ಸಮಯ ಬದಲಿಸಬೇಕೆಂದು ಸಂಘಕ್ಕೆ ಪತ್ರ ಬರೆದುಕೊಂಡು ಬಂದ. ರಾಹುವನ್ನು ಇಂಗ್ಲಿಷಿನಲ್ಲಿ ಎರಡು ಪುಟ ವಿವರಿಸಿದ್ದ. ಅದನ್ನು ತಿದ್ದಲು ನಾನು ಒಪ್ಪಲಿಲ್ಲ. ನಲವತ್ತು ವರ್ಷ ಗ್ರಹಣದ ಪಾಠ ಮಾಡಿದವಳು, ಕೊನೆಗಾಲದಲ್ಲಿ ಆ ಕೆಲಸ ಮಾಡಲಾರೆ ಎಂದೆ. ತಿದ್ದದೆಯೇ ಕಳಿಸಿದ. ಸಮಯ ಬದಲಿಸುವುದಿಲ್ಲ ಎಂದು ಒಂದು ಸಾಲಿನ ಉತ್ತರ ಬಂತು.

ಮೂರು ದಿನ ಊಟ ಸೇರಲಿಲ್ಲವಂತೆ. ನಾಲ್ಕನೆಯ ದಿನ ನಗುತ್ತ ಬಂದ. ಹಿಂದಿನವರಿಗೆ ಕೆಟ್ಟ ಹೊತ್ತಿನಲ್ಲಿ ಪ್ರಯಾಣ ಹೊರಡಲೇಬೇಕಾಗಿ ಬಂದರೆ ಒಂದು ಉಪಾಯವಿತ್ತು. ಒಳ್ಳೆಯ ಹೊತ್ತಿನಲ್ಲಿ ಬಟ್ಟೆಯ ಗಂಟನ್ನು ಒಯ್ದು ಪಕ್ಕದ ಮನೆಯಲ್ಲಿಟ್ಟು ಬರುತ್ತಿದ್ದರು. ಪ್ರಸ್ಥಾನ ಇಡುವುದು ಎನ್ನುತ್ತಾರೆ. ಗಂಟು ಹೊಸಿಲು ದಾಟಿತೆಂದರೆ ಪ್ರಯಾಣ ಶುರುವಾದಂತೆ. ಆಮೇಲೆ ಮನುಷ್ಯ ಯಾವಾಗ ಹೊರಟರೂ ದೋಷವಿಲ್ಲ. ಯೋಗಾನರಸಿಂಹ ಅದನ್ನೇ ಸುತ್ತೋಲೆ ಮಾಡಿದ: ಇಪ್ಪತ್ತೊಂದು ವಿಮಾನಗಳೂ ಭಾನುವಾರ ನಾಲ್ಕು ಇಪ್ಪತ್ತಕ್ಕೆ, ರಾಹುಕಾಲಕ್ಕೆ ಹತ್ತು ನಿಮಿಷ ಮೊದಲು, ಅಂಗಳ ಬಿಟ್ಟು ಟ್ಯಾಕ್ಸಿವೇಗೆ ಬಂದು, ಜ್ಯೇಷ್ಠತೆಯ ಕ್ರಮದಲ್ಲಿ ಸಾಲಾಗಿ ನಿಲ್ಲತಕ್ಕದ್ದು. ಅಲ್ಲಿಗೆ ಪ್ರಯಾಣ ಆರಂಭವಾಯಿತೆಂದು ಭಾವಿಸತಕ್ಕದ್ದು.

ಹಿಂದಿನ ದಿನ ತಾಲೀಮು ನಡೆಯಿತು. ವೀಕ್ಷಕನ ಪಾತ್ರವನ್ನು ಯೋಗಾನರಸಿಂಹನೇ ವಹಿಸಿ ಇಂಗ್ಲಿಷಿನಲ್ಲಿ ಅನುಮತಿ ಕೊಟ್ಟ. ಕೊನೆಯಲ್ಲಿ, ನಾಲ್ಕು ವರ್ಷದ ಅಭ್ಯಾಸ, ಬಾಯಿತಪ್ಪಿ "ರೈಟ್" ಎಂದ. ತಮ್ಮಯ್ಯ ನಯವಾಗಿ ಹೊರಟರು. ತಾಲೀಮು ಯಶಸ್ವಿಯಾಯಿತೆಂದು ವರದಿ ಬರೆದು, ಮೊಹರು ಹಾಕಿ, ತನಗೇ ರವಾನಿಸಿಕೊಂಡ.

ಭಾನುವಾರ ಮಧ್ಯಾಹ್ನ ನನ್ನನ್ನೂ ಕರೆದ. ವೀಕ್ಷಕ ಏನಾದರೂ ಅರ್ಥವಾಗದ್ದು ಹೇಳಿದರೆ ವಿವರಿಸಲು ಒಬ್ಬರು ಬೇಕಾಗಿತ್ತು. ಕೋಣೆಯಲ್ಲಿ ಎರಡು ಧ್ವನಿ ಕೇಳುತ್ತಿದ್ದವು. ಒಂದು ರೇಡಿಯೋ, ಅದರಲ್ಲಿ ಫಿನ್ಲೆಂಡಿನ ಒಬ್ಬ ನಿವೃತ್ತ ಅಂಚೆ ನೌಕರ, ಅವನೇ ವೀಕ್ಷಕ. ಇನ್ನೊಂದು ಪೈಲಟ್ಟುಗಳ ನಡುವಿನ ವಾಟ್ಸಾಪ್ ಕರೆ. ಅದು ವೀಕ್ಷಕನಿಗೆ ಕೇಳಿಸದು. ಆ ಕರೆಯಲ್ಲಿ ತಮ್ಮಯ್ಯ ಮಾತ್ರ ಇರಲಿಲ್ಲ. ಚಾಲನೆಯ ಸಮಯದಲ್ಲಿ ಮೊಬೈಲ್ ಆರಿಸಿರಬೇಕೆಂಬ ಸುತ್ತೋಲೆಯನ್ನು ಇಪ್ಪತ್ತೊಂದು ಜನರಲ್ಲಿ ಪಾಲಿಸುತ್ತಿದ್ದವರು ಅವರೊಬ್ಬರೇ.

ನಾಲ್ಕು ಇಪ್ಪತ್ತಕ್ಕೆ ವಿಮಾನಗಳು ಒಂದೊಂದಾಗಿ ಓಣಿಗೆ ಬಂದವು. ರೆಕ್ಕೆಗಳಿಗೆ ಫ್ಯಾನು ಕಟ್ಟಿದಂಥ, ಎಪ್ಪತ್ತು ಸೀಟಿನ, ಹಸಿರು ಬಳಿದ ಇಪ್ಪತ್ತೊಂದು ವಿಮಾನಗಳು ಮೂಗಿಗೆ ಬಾಲ ತಾಗಿಸಿಕೊಂಡು ಪೂರ್ವಕ್ಕೆ ಮುಖಮಾಡಿ ನಿಂತವು. ಮುಂದೆ ತಮ್ಮಯ್ಯ, ಅವರ ಹಿಂದೆ ಹಾಸನದ ದೇವಯ್ಯ, ಹೀಗೆ ಕೊನೆಗೆ ಧನ್ಯಾ. ಯೋಗಾನರಸಿಂಹ ಪಟಕ್ಕೆ ಕೈಮುಗಿದ.

ನಾಲ್ಕೂವರೆ ಆಯಿತು. ಹೇಮಾವತಿ ಒಂದಕ್ಕೆ ಹೊರಡಲು ಅನುಮತಿ ಇದೆ ಎಂದು ಫಿನ್ಲೆಂಡಿನವನು ಸ್ಪಷ್ಟವಾಗಿ ಇಂಗ್ಲಿಷಿನಲ್ಲಿ ಹೇಳಿದ.

ತಮ್ಮಯ್ಯನವರ ವಿಮಾನ ಕದಲಲಿಲ್ಲ.

ಮತ್ತೆ ಹೇಳಿದ. ಮೂರನೆಯ ಸಲ ನಿಧಾನವಾಗಿ, ಕಿವುಡರಿಗೆ ಹೇಳುವ ಹಾಗೆ ಹೇಳಿದ. ಫ್ಯಾನುಗಳು ತಿರುಗುತ್ತಿದ್ದವು, ದೀಪಗಳು ಮಿನುಗುತ್ತಿದ್ದವು, ವಿಮಾನ ನಿಂತಲ್ಲೇ ನಿಂತಿತ್ತು. ಯೋಗಾನರಸಿಂಹನ ಮುಖ ನೋಡಿದೆ. ಅವನಿಗೆ ಆಗ ಹೊಳೆದಿತ್ತು.

"ರೈಟ್ ಅನ್ನಬೇಕು," ಎಂದ, ಸತ್ತ ಧ್ವನಿಯಲ್ಲಿ. "ನಾನು ರೈಟ್ ಅನ್ನಬೇಕು ಮೇಡಂ."

"ನೀನು ಬಾಯಿಬಿಟ್ಟರೆ ಪರೀಕ್ಷೆ ರದ್ದು."

ತಮ್ಮಯ್ಯನವರ ಮೊಬೈಲಿಗೆ ಫೋನು ಮಾಡಿದ. ಆರಿತ್ತು. ಅವರ ಹೆಂಡತಿ ಜಯಲಕ್ಷ್ಮಮ್ಮನ ನಂಬರು ಹುಡುಕಿ ಮಾಡಿದ. ಎತ್ತಿದರು.

"ಅಮ್ಮಾ, ಸ್ವಲ್ಪ ಯಜಮಾನರಿಗೆ ಕೊಡಿ, ತುಂಬಾ ಅರ್ಜೆಂಟು."

"ಅವ್ರು ಗಾಡಿ ಮ್ಯಾಲವ್ರೆ ಸಾಮಿ. ಡೂಟಿ ಟೈಮ್ನಾಗೆ ಮಾತಾಡ್ಸಂಗಿಲ್ಲ."

"ಬಾಗಿಲು ತಟ್ಟಿ ಒಂದೇ ಒಂದು ಮಾತು ಹೇಳಿ, ಹೊರಡಿ ಅಂತ."

"ಒಳ್ಗಿಂದ ಅಗುಳಿ ಆಕ್ಕಂಡು, ಕಿವಿಗೂ ಅದೇನೋ ಸಿಕ್ಕುಸ್ಕಂಡವ್ರೆ, ಕೂಗುದ್ರೂ ಕೇಳಾಕಿಲ್ಲ. ತಟ್ಟುದ್ರೆ ತಗಿಯಾಕಿಲ್ಲ. ಮೂವತ್ತೊಂದು ವರ್ಸದಾಗೆ ಪಾಸಿಂಜರ್ ಬಾಗ್ಲು ಬಡುದ್ರು ಅಂತ ನಿಲ್ಸ್ದೋರಲ್ಲ. ಅದ್ಯಾವ್ದೋ ಕಾಗ್ದಾನೂ ಬಾಗ್ಲಿಗೆ ಅಂಟ್ಸವ್ರೆ. ನಿಮ್ದೇ ಮೊಹ್ರು ಅದೆ."

ಯೋಗಾನರಸಿಂಹ ಫೋನು ಕೆಳಗಿಟ್ಟ. ಅಷ್ಟರಲ್ಲಿ ಎರಡನೆಯ ಸ್ಥಾನದ ದೇವಯ್ಯನಿಗೆ ಒಂದು ಯೋಚನೆ ಬಂತು. ನೆಲದವರು ಮಾತಾಡಬಾರದು ಎಂದಿದೆಯೇ ಹೊರತು ಪೈಲಟ್ಟುಗಳಿಗೆ ಅಡ್ಡಿಯಿಲ್ಲವಲ್ಲ. ರೇಡಿಯೋದಲ್ಲಿ ಗಂಟಲು ಸರಿಮಾಡಿಕೊಂಡು, "ರೈಟ್, ರೈಟ್!" ಎಂದ.

ಆಗ ಮೊದಲ ಸಲ ತಮ್ಮಯ್ಯನವರ ಧ್ವನಿ ಕೇಳಿತು. "ಯಾವನ್ಲಾ ಅದು? ಹಿಂದ್ಲು ಗಾಡಿಯೋನು ಬಂದು ನನ್ ಗಾಡಿಗೆ ರೈಟ್ ಏಳ್ತಾನಾ? ಮುಚ್ಕಂಡು ಸಾಲ್ನಾಗ್ ನಿಂತ್ಕ."

ಅದೇನೆಂದು ಫಿನ್ಲೆಂಡಿನವನು ವಿನಯದಿಂದ ವಿಚಾರಿಸಿದ. ಧನ್ಯಾ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಳು: ಮುಂದಿನ ವಿಮಾನಕ್ಕೆ ತಾಂತ್ರಿಕ ತೊಂದರೆ.

ಐದು ಗಂಟೆಯಾಯಿತು. ಓಣಿಯಲ್ಲಿ ಇಪ್ಪತ್ತೊಂದು ವಿಮಾನ. ಒಂದು ಪಕ್ಕ ಹುಲ್ಲುಹಾಸು, ಅಧ್ಯಕ್ಷರ ಕಚೇರಿ. ಇನ್ನೊಂದು ಪಕ್ಕ ಗಣಪತಿ ಗುಡಿ. ಪ್ರಸ್ಥಾನಕ್ಕೆಂದು ಎಲ್ಲವನ್ನೂ ಒಟ್ಟಿಗೆ ಹೊರಗೆ ತಂದು ನಿಲ್ಲಿಸಿರದಿದ್ದರೆ ಹಿಂದಿನವರು ಅಂಗಳದಿಂದಲೇ ರನ್‌ವೇಯ ಇನ್ನೊಂದು ತುದಿಗೆ ಹೋಗಬಹುದಿತ್ತು. ಈಗ ಗಂಟು ಹೊಸಿಲು ದಾಟಿತ್ತು, ಮನುಷ್ಯ ಒಳಗೇ ಸಿಕ್ಕಿಕೊಂಡಿದ್ದ.

ಲಕ್ಷ್ಮೀದೇವಮ್ಮ ಕಾಫಿ ತಂದಳು. ಪರದೆ ನೋಡಿ, "ಇದೇನ್ರೀ, ಬಸ್ ಸ್ಟ್ಯಾಂಡಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದಳು.

ವಾಟ್ಸಾಪ್ ಕರೆಯಲ್ಲಿ ಧನ್ಯಾ ಮಾತಾಡಿದಳು. "ಸಾ, ನಾನು ತಿರುಗಿಸ್ಕಂಡು ರನ್‌ವೇ ಆ ತುದಿಯಿಂದ ಓಯ್ತೀನಿ. ಗಾಳಿ ಇಲ್ಲ, ಯಾವ್ ಕಡೆಯಿಂದ ಎದ್ರೂ ಒಂದೇಯ. ಮಿಕ್ಕೋರೂ ನನ್ ಹಿಂದೇನೇ ತಿರುಗಿಸ್ಕಳ್ಳಿ."

"ಅದು ಹೇಗಾಗುತ್ತಮ್ಮಾ? ನೀನು ಇಪ್ಪತ್ತೊಂದನೆಯವಳು."

"ಔದು ಸಾ, ಅದ್ಕೇಯ. ಬಾಲ್ದಾಗಿರೋಳು ನಾನೊಬ್ಳೇ ತಾನೆ ತಿರುಗ್ಸ್ಬೌದು?"

"ಜ್ಯೇಷ್ಠತೆ ಪೂರ್ತಿ ತಲೆಕೆಳಗಾಗುತ್ತೆ. ನಾಲ್ಕು ಜನ ಕ್ಯಾಪ್ಟನ್‌ಗಳು ಕೊನೆಗೆ ಬೀಳ್ತಾರೆ. ಮೊದಲು ಲಿಖಿತವಾಗಿ ಕೋರಿಕೆ ಕಳಿಸು, ನೋಡೋಣ."

"ಸಾ, ನಮ್ ಮಾರ್ಕೆಟ್ ತಾವ ಮುಂದ್ಲು ಲಾರಿ ಆಕ್ಸಲ್ ಮುರ್ಕಂಡು ನಿಂತ್ರೆ ಹಿಂದ್ಲೋರು ಲಿಖಿತವಾಗ್ ಕೊಡ್ತಾರಾ? ಬಾಲ್ದಿಂದ ಬಿಚ್ತಾರೆ ಅಷ್ಟೆ. ದಿನಾ ನೋಡ್ತೀನಿ. ಟೈಮ್ ಐದೂ ಎಂಟು ಸಾ. ನಾ ವೊಂಟೆ."

ಅವನು ಬೇಡ ಎನ್ನಲು ಬಾಯಿ ತೆರೆದ. ಅವಳು ಅಷ್ಟರಲ್ಲಿ ವೀಕ್ಷಕನಿಂದ ಅನುಮತಿ ಪಡೆದಾಗಿತ್ತು. ಎಪ್ಪತ್ತು ಸೀಟಿನ ವಿಮಾನವನ್ನು ಆಟೋ ತಿರುಗಿಸಿದ ಹಾಗೆ ಹುಲ್ಲುಹಾಸಿನ ಮೇಲೆ ತಿರುಗಿಸಿದಳು. ಧ್ವಜಸ್ತಂಭ ವಿಮಾನದ ಹೊಟ್ಟೆಯೊಳಗೆ ಹಾದುಹೋಯಿತು. ಎಡಗಡೆಯ ರೆಕ್ಕೆ ಅಧ್ಯಕ್ಷರ ಕಚೇರಿಯ ಗೋಡೆಯೊಳಗೆ ಹೋಗಿ, ಮೇಜಿನ ಮೇಲೆ ಆಡಿ, ಆಚೆ ಬಂತು. ಗೋಡೆಗೆ ಏನೂ ಆಗಲಿಲ್ಲ. ಎಂಟು ತಿಂಗಳು ಕೂತು ಕಟ್ಟಿದವನು ಅದಕ್ಕೆ ಗಟ್ಟಿತನ ಕೊಡುವುದನ್ನು ಮರೆತಿದ್ದ.

ಐದು ಹದಿನಾಲ್ಕಕ್ಕೆ ಧನ್ಯಾಳ ವಿಮಾನ ಮೇಲೆದ್ದಿತು. ಅವಳ ಮುಂದಿದ್ದವನು ತಿರುಗಿಸಿಕೊಂಡ. ಅವನ ಮುಂದಿದ್ದವಳು. ಎರಡೆರಡು ನಿಮಿಷಕ್ಕೆ ಒಂದೊಂದು. ಪ್ರತಿಯೊಂದರ ರೆಕ್ಕೆಯೂ ಅಧ್ಯಕ್ಷರ ಕಚೇರಿಯನ್ನು ಸವರಿಕೊಂಡೇ ಹೋಗಬೇಕಾಗಿತ್ತು. ಯೋಗಾನರಸಿಂಹ ಮೊದಮೊದಲು ಪ್ರತಿ ಸಲವೂ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಏಳನೆಯದರಿಂದ ಎಣಿಸತೊಡಗಿದ.

ಹತ್ತೊಂಬತ್ತನೆಯದು ಎದ್ದಾಗ ಐದು ಐವತ್ತೆರಡು. ಉಳಿದದ್ದು ಎರಡೇ. ಒಂದು ಕದಲದ ತಮ್ಮಯ್ಯನವರದು. ಇನ್ನೊಂದು ದೇವಯ್ಯನದು. ದೇವಯ್ಯ ಹೋದರೆ ಇಪ್ಪತ್ತು, ಮೂರಕ್ಷರ ಉಳಿಯಿತು. ಹೋಗದಿದ್ದರೆ ಹತ್ತೊಂಬತ್ತು, ಎಲ್ಲ ಮುಗಿಯಿತು.

ದೇವಯ್ಯ ಹೋಗಲಿಲ್ಲ.

"ದೇವಯ್ಯಾ, ಏನಯ್ಯಾ? ತಿರುಗಿಸು!"

"ಅಲ್ಲ ಸಾ, ತಮ್ಮಯ್ಣೋರ್ನ ಬುಟ್ಟು ನಾನ್ ಮುಂದೋಗದಾ? ಒಂದ್ನೇ ನಂಬ್ರು ಅಲ್ಲೇ ನಿಂತದೆ. ಎಲ್ರೂ ಓದ್ರು, ಅವ್ರು ಜೂನಿಯರ್ಗಳು, ಅವ್ರ್ ಪಾಡು ಬ್ಯಾರೆ. ನಾನು ಎರಡ್ನೇಯವ್ನು. ನಾಳಿಕೆ ಮಕ ತೋರ್ಸದೆಂಗೆ? ಸುತ್ತೋಲೆ ಏಳು, ಎರಡ್ನೇ ಪ್ಯಾರಾ. ನೀವೇ ಬರ್ದಿರದು."

ಏಳನೆಯ ಸುತ್ತೋಲೆಯ ಎರಡನೆಯ ಪ್ಯಾರಾ ನನಗೂ ನೆನಪಿತ್ತು. ಜ್ಯೇಷ್ಠರು ಹೊರಡದೆ ತಕ್ಷಣದ ಕಿರಿಯರು ಹೊರಡತಕ್ಕದ್ದಲ್ಲ. ವ್ಯಾಕರಣ ತಿದ್ದಿದವಳು ನಾನು.

ಐದು ಐವತ್ತಮೂರು. ಯೋಗಾನರಸಿಂಹ ಎದ್ದು ನಿಂತ. ಹಣೆಯ ಬೆವರು ಕನ್ನಡಕದ ಮೇಲೆ ಇಳಿಯುತ್ತಿತ್ತು. ಇವನು ಒಂದು ಸರಳವಾದ ಮಾತು ಹೇಳಬಹುದಾಗಿತ್ತು: ನಿಯಮ ತಪ್ಪು, ಹೋಗು. ಆ ಮಾತು ಅವನ ಬಾಯಿಂದ ಹೊರಡಲಾರದು ಎಂದು ನನಗೆ ಗೊತ್ತಿತ್ತು. ಎರಡು ನಿಮಿಷ ಪರದೆಯ ಮುಂದೆ ತುಟಿ ಅಲ್ಲಾಡಿಸಿದ. ಆಮೇಲೆ ಇಡೀ ಕೋಟೆಗೆ ಕೇಳುವ ಹಾಗೆ ಕೂಗಿದ:

"ಪ್ರಭಾರ! ದೇವಯ್ಯಾ, ಒಂದನೇ ನಂಬರಿನ ಪ್ರಭಾರ ನಿನಗೆ ಕೊಟ್ಟಿದೀನಿ! ತಮ್ಮಯ್ಯನವರು ಕರ್ತವ್ಯದ ಸ್ಥಳದಲ್ಲಿ ಲಭ್ಯರಿಲ್ಲ ಅಂತ ಬರ್ಕೊಳ್ತೀನಿ! ಹೋಗಯ್ಯಾ!"

"ಮೌಖಿಕ ಆದೇಶಾನಾ ಸಾ?"

"ಲಿಖಿತ ಆಮೇಲೆ ಕಳಿಸ್ತೀನಿ, ಹೋಗೋ ಮಾರಾಯ!"

ದೇವಯ್ಯ ತಿರುಗಿಸಿದ. ಗಡಿಬಿಡಿಯಲ್ಲಿ ರೆಕ್ಕೆಯೊಂದೇ ಅಲ್ಲ, ಅರ್ಧ ವಿಮಾನವೇ ಅಧ್ಯಕ್ಷರ ಕಚೇರಿಯ ಮೂಲಕ ಹಾದುಹೋಯಿತು. ಐದು ಐವತ್ತೆಂಟೂವರೆಗೆ ಚಕ್ರ ನೆಲ ಬಿಟ್ಟಿತು. ಫಿನ್ಲೆಂಡಿನವನು ಇಪ್ಪತ್ತು ಎಂದ.

ಆರು ಗಂಟೆಗೆ ವೀಕ್ಷಕ ಎಲ್ಲರಿಗೂ ವಂದಿಸಿ ರೇಡಿಯೋ ಬಿಟ್ಟುಕೊಟ್ಟ. ರಾಹುಕಾಲವೂ ಮುಗಿದಿತ್ತು. ಯೋಗಾನರಸಿಂಹ ಮೈಕು ತೆಗೆದುಕೊಂಡು, "ರೈಟ್," ಎಂದ.

ತಮ್ಮಯ್ಯ ತಕ್ಷಣ ಹೊರಟರು. ಆ ದಿನದ ಇಪ್ಪತ್ತೊಂದು ಹಾರಾಟಗಳಲ್ಲಿ ಅತ್ಯಂತ ನಯವಾದದ್ದು ಅವರದೇ. ಮೇಲೇರುತ್ತ ಕೇಳಿದರು: "ಏನ್ ಸಾಮಿ, ಇವತ್ತು ಇಷ್ಟೊತ್ ಮಾಡ್ಬುಟ್ರಿ? ಟೀಗೋಗಿದ್ರಾ?"

ಮಾನ್ಯತೆ ಉಳಿಯಿತು. ಹದಿನೈದು ದಿನಕ್ಕೆ ಸಂಘದ ವರದಿ ಬಂತು. ಹಿಂದಿನಿಂದ ಮುಂದಕ್ಕೆ ಹೊರಡುವ ವಿನೂತನ ಪದ್ಧತಿಯನ್ನು ಅದು ಹೊಗಳಿತ್ತು. ಸಾಲಿನ ಮುಂದೆ ಒಂದು ವಿಮಾನವನ್ನು ಕೊನೆಯ ಕ್ಷಣದವರೆಗೂ ಮೀಸಲಾಗಿ ನಿಲ್ಲಿಸಿಕೊಂಡಿದ್ದ ಮುಂದಾಲೋಚನೆಯನ್ನು ವಿಶೇಷವಾಗಿ ಹೊಗಳಿತ್ತು. ಅದನ್ನು ಓದಿ ಯೋಗಾನರಸಿಂಹ ಎರಡು ಕಾಗದ ಬರೆದುಕೊಂಡು ತಿದ್ದಿಸಲು ಬಂದ. ಒಂದು, ತಮ್ಮಯ್ಯನವರಿಗೆ ಪ್ರಶಂಸಾ ಪತ್ರ. ಇನ್ನೊಂದು, ಧನ್ಯಾಳಿಗೆ ಕಾರಣ ಕೇಳಿ ನೋಟಿಸು: ಅಧ್ಯಕ್ಷರ ಅನುಮತಿಯಿಲ್ಲದೆ ದಿಕ್ಕು ಬದಲಿಸಿದ್ದಕ್ಕೆ ಏಳು ದಿನದೊಳಗೆ ವಿವರಣೆ ಕೊಡಬೇಕು.

"ನಾಚಿಕೆ ಆಗಲ್ವೇನಯ್ಯಾ?" ಎಂದೆ.

"ಆಗುತ್ತೆ ಮೇಡಂ," ಎಂದ, ತಲೆ ತಗ್ಗಿಸಿ. "ಆದ್ರೆ ಕಡತದಲ್ಲಿ ಇರಬೇಕಲ್ಲ."

ಏಳನೆಯ ದಿನ ಉತ್ತರ ಬಂತು. ಬಸ್ಸಿನಲ್ಲಿ ಯಾರದೋ ಕೈಯಲ್ಲಿ ಕಳಿಸಿದ್ದಳು. ವೇಬ್ರಿಡ್ಜ್‌ನ ಮುದ್ರಿತ ಚೀಟಿ. ಲಾರಿ ತೂಗಿದಾಗ ಕೊಡುತ್ತಾರಲ್ಲ, ಅದೇ. ಒಟ್ಟು ಎಂಬ ಕಡೆ ಇಪ್ಪತ್ತೊಂದು ಎಂದಿತ್ತು. ಖಾಲಿ ಗಾಡಿ ಎಂಬ ಕಡೆ ಒಂದು. ನಿವ್ವಳ ಎಂಬ ಕಡೆ ಇಪ್ಪತ್ತು. ಕೆಳಗೆ ರುಜು.

ಯೋಗಾನರಸಿಂಹ ಅದನ್ನು ನನ್ನ ಮುಂದೆ ಹಿಡಿದ. "ಇದಕ್ಕೆ ಏನಂತ ಉತ್ತರ ಕೊಡೋದು ಮೇಡಂ?"

"ಇದರಲ್ಲಿ ತಿದ್ದೋದಕ್ಕೆ ಏನೂ ಇಲ್ಲ," ಎಂದು ಹಿಂದಕ್ಕೆ ಕೊಟ್ಟೆ.

ಆ ವಾರವೇ ಆದೇಶ ಹೊರಟಿತು. ಧನ್ಯಾಳನ್ನು, ಅವಳ ಜ್ಯೇಷ್ಠತೆಗೆ ಯಾವ ಧಕ್ಕೆಯೂ ಬಾರದಂತೆ ಮತ್ತು ಇತರರ ಹಕ್ಕಿಗೆ ಬಾಧಕವಾಗದಂತೆ, ಮುಂದಿನ ಆದೇಶದವರೆಗೆ ಪ್ರಭಾರ ಕ್ಯಾಪ್ಟನ್ ಎಂದು ನೇಮಿಸಲಾಗಿತ್ತು. ಗುಂಪಿನಲ್ಲಿ ಅವಳು ಕೇಳಿದ್ದು ಇಷ್ಟೇ: "ಸಾ, ಆ ಎರಡ್ನೇ ದಾರಿ?" ಪರಿಶೀಲಿಸಲಾಗುವುದು ಎಂದು ಇವನು ಬರೆದ.

ದಾರಿ ಇನ್ನೂ ಒಂದೇ ಇದೆ. ಪಟ್ಟಿಯೂ ಬದಲಾಗಿಲ್ಲ; ತಮ್ಮಯ್ಯ ಒಂದನೆಯವರು, ಧನ್ಯಾ ಇಪ್ಪತ್ತೊಂದನೆಯವಳು. ಆದರೆ ಆಡಳಿತಾತ್ಮಕ ಕಾರಣಗಳಿಂದ ಸಾಲು ಈಗ ಪ್ರತಿ ಭಾನುವಾರವೂ ಬಾಲದಿಂದಲೇ ಹೊರಡುತ್ತದೆ. ಅಧ್ಯಕ್ಷರ ಕಚೇರಿಯ ಗೋಡೆಗೆ ಯೋಗಾನರಸಿಂಹ ಇನ್ನೂ ಗಟ್ಟಿತನ ಕೊಟ್ಟಿಲ್ಲ. ಕೊಟ್ಟರೆ ಯಾರೂ ತಿರುಗಿಸಲಾರರು ಎಂಬುದು ಅವನಿಗೂ ಗೊತ್ತಾಗಿದೆ.